ದಪ್ಪಕ್ಷರ, ಸಣ್ಣಕ್ಷರ: ಹಳೆಯ ಪೆಟ್ರೋಲ್ ಬಂಕಿನ ಹತ್ತು ಸಾಲುಗಳಿಗೆ ವ್ಯಾಖ್ಯಾನ

ಈ ವ್ಯಾಖ್ಯಾನದ ಮೂಲ ಯಾವ ಕವಿಯದೂ ಅಲ್ಲ. ಕಳೆದ ಶತಮಾನದ ಅಮೆರಿಕದಲ್ಲಿ ರಸ್ತೆಬದಿಯ ಪೆಟ್ರೋಲ್ ಬಂಕು, ಅದರ ಗೋಡೆಗೆ ಒರಗಿಸಿಟ್ಟ ತಂಪುಪಾನೀಯದ ಯಂತ್ರ, ಎದುರುಗಡೆಯ ಕಾರಿನ ಶೋರೂಮು, ಈ ಮೂರರ ಮೇಲೆ ಬರೆದಿರುತ್ತಿದ್ದ ಮಾತುಗಳೇ ಮೂಲ. ಕರ್ತೃಗಳು ತೈಲ ಕಂಪನಿಗಳ ಜಾಹೀರಾತು ವಿಭಾಗದವರು, ಬಂಕಿನ ಮಾಲೀಕರು, ಒಂದು ಸಾಲಿನ ಮಟ್ಟಿಗೆ ಅಮೆರಿಕದ ಸಂಸತ್ತು. ಊರಿಂದೂರಿಗೆ ಪಾಠಾಂತರಗಳಿವೆ. ಎಲ್ಲೆಡೆ ಕಾಣಸಿಗುತ್ತಿದ್ದಂಥ ಹತ್ತು ಸಾಲುಗಳನ್ನು ಆರಿಸಿ ಕನ್ನಡದಲ್ಲಿ ಕೊಟ್ಟಿದ್ದೇನೆ.

ಈ ಮೂಲಕ್ಕೆ ಇವತ್ತು ಭಕ್ತರು ಬಹಳ. ಇಲಿನಾಯ್ ರಾಜ್ಯದ ಡ್ವೈಟ್ ಎಂಬ ಸಣ್ಣ ಊರಿನಲ್ಲಿ 66ನೇ ಹೆದ್ದಾರಿಯ ಪಕ್ಕ 1933ರಲ್ಲಿ ಕಟ್ಟಿದ ಬಂಕೊಂದು 1999ರವರೆಗೆ, ಲೆಕ್ಕ ಹಾಕಿದರೆ ಅದೂ 66 ವರ್ಷ, ಪೆಟ್ರೋಲ್ ಮಾರಿ ಈಗ ಪ್ರವಾಸಿಗರಿಗೆ ಮಾಹಿತಿ ಕೊಡುವ ಕೇಂದ್ರವಾಗಿದೆ. ಷಿಕಾಗೊದಿಂದ ಸಾಂಟಾ ಮೋನಿಕಾದವರೆಗಿನ ಆ ಹೆದ್ದಾರಿ 1926ರಲ್ಲಿ ಹುಟ್ಟಿ, ದೊಡ್ಡ ಅಂತರರಾಜ್ಯ ರಸ್ತೆಗಳು ಬಂದ ಮೇಲೆ 1985ರಲ್ಲಿ ಸರ್ಕಾರಿ ಪಟ್ಟಿಯಿಂದಲೇ ಬಿಟ್ಟುಹೋಯಿತು. ಪಟ್ಟಿಯಿಂದ ಬಿಟ್ಟ ಮೇಲೆ ಅದಕ್ಕೆ ಯಾತ್ರಿಕರು ಶುರುವಾದರು. ಬೋರ್ಡುಗಳ ಕಥೆಯೂ ಹೀಗೇ. ಮಿಷಿಗನ್‌ನ ಮಸ್ಗೊ ಎಂಬ ಅಲ್ಪಾಯುಷಿ ಕಂಪನಿಯ ಒಂದು ದುಂಡನೆಯ ಎನಾಮಲ್ ಬೋರ್ಡು 2022ರ ಹರಾಜಿನಲ್ಲಿ 15 ಲಕ್ಷ ಡಾಲರಿಗೆ ಹೋಯಿತು.

ಎನಾಮಲ್ ಬೋರ್ಡಿಗೆ ಬಣ್ಣ ಬಳಿಯುತ್ತಿರಲಿಲ್ಲ. ಉಕ್ಕಿನ ತಗಡಿನ ಮೇಲೆ ಬಣ್ಣದ ಗಾಜಿನ ಹುಡಿ ಹಿಡಿಸಿ ಕುಲುಮೆಯಲ್ಲಿ ಸುಟ್ಟು ಕರಗಿಸುತ್ತಿದ್ದರು. ಒಂದೊಂದು ಬಣ್ಣಕ್ಕೆ ಒಂದೊಂದು ಸಲ ಕುಲುಮೆ. ಹೀಗಾಗಿ ಬಿಳಿಯ ಮೇಲೆ ಕೆಂಪು ಕೂತಲ್ಲಿ ಬೆರಳಾಡಿಸಿದರೆ ತೆಳ್ಳನೆಯ ಏಣು ತಗಲುತ್ತದೆ. ಸ್ಕ್ರೂ ಬಿಗಿದ ತೂತಿನ ಸುತ್ತ ಗಾಜು ಪದರಪದರವಾಗಿ ಚಕ್ಕೆ ಎದ್ದಿರುತ್ತದೆ, ಕೆಳಗೆ ಕಪ್ಪು, ಅದರ ಕೆಳಗೆ ತುಕ್ಕು. ಅಸಲಿಯೋ ನಕಲಿಯೋ ನೋಡುವವರು ಮೊದಲು ಮುಟ್ಟುವುದು ಆ ತೂತನ್ನೇ. ಈಗ ತುಕ್ಕನ್ನೂ ಸೇರಿಸಿಯೇ ಹೊಸ ಬೋರ್ಡು ತಯಾರಿಸಿ ಮಾರುವವರಿದ್ದಾರೆ.

ಹಳೆಯ ಕಾಲವನ್ನು ನೆನೆಯುವವರು ಈ ಬೋರ್ಡುಗಳ ದಪ್ಪಕ್ಷರ ಓದಿ ಮುಂದಕ್ಕೆ ಹೋಗುತ್ತಾರೆ. ಅದರಲ್ಲಿ ತಪ್ಪೇನಿಲ್ಲ, ದಪ್ಪಕ್ಷರ ಬರೆದದ್ದೇ ಓಡುವ ಕಾರಿನಿಂದ ಓದಲಿ ಎಂದು. ಸಣ್ಣಕ್ಷರ ಟೀಕಾಕಾರನ ಪಾಲಿಗೆ ಉಳಿಯಿತು.

1. ಗಾಳಿ ಉಚಿತ. ನೀರು ಉಚಿತ. ನಕ್ಷೆ ಉಚಿತ.

ಇದು ಮಂಗಳ ಪದ್ಯ. ಮೊದಮೊದಲು ಕಾರಿನವರು ಹಾರ್ಡ್‌ವೇರ್ ಅಂಗಡಿಯಿಂದಲೋ ಔಷಧದಂಗಡಿಯಿಂದಲೋ ಡಬ್ಬಿಯಲ್ಲಿ ಪೆಟ್ರೋಲ್ ಕೊಂಡು ಆಲಿಕೆ ಇಟ್ಟು ಸುರಿದುಕೊಳ್ಳುತ್ತಿದ್ದರು. ಆಮೇಲೆ ರಸ್ತೆಯ ಅಂಚಿಗೇ ಪಂಪು ನೆಟ್ಟರು. ಕಾರು ನಿಂತರೆ ಹಿಂದಿನ ಗಾಡಿಗಳೆಲ್ಲ ನಿಲ್ಲಬೇಕು. ಕಾರು ರಸ್ತೆಯಿಂದ ಒಳಗೆ ಬಂದು, ಮಾಡಿನಡಿ ನಿಂತು, ಪೆಟ್ರೋಲ್ ಹಾಕಿಸಿಕೊಂಡು ಹೋಗುವಂಥ ಬಂಕನ್ನು ಗಲ್ಫ್ ಕಂಪನಿ ಪಿಟ್ಸ್‌ಬರ್ಗ್‌ನಲ್ಲಿ 1913ರ ಡಿಸೆಂಬರ್ 1ರಂದು ತೆರೆಯಿತು. ಗ್ಯಾಲನ್ನಿಗೆ (ಸುಮಾರು 3.8 ಲೀಟರ್) 27 ಸೆಂಟು. ಮೊದಲ ದಿನದ ವ್ಯಾಪಾರ 30 ಗ್ಯಾಲನ್. ಗಾಳಿಗೂ ನೀರಿಗೂ ದುಡ್ಡಿಲ್ಲ.

ಮುಂದಿನ ವರ್ಷದಿಂದ ಗಲ್ಫ್ ಪುಕ್ಕಟೆ ರಸ್ತೆ ನಕ್ಷೆ ಹಂಚತೊಡಗಿತು, ಉಳಿದ ಕಂಪನಿಗಳು ಹಿಂದೆ ಬಿದ್ದವು. ನಕ್ಷೆ ಮಡಿಸುವುದು ಒಂದು ವಿದ್ಯೆ. ಬಿಚ್ಚಿದ ಮಡಿಕೆಯಲ್ಲೇ ಮತ್ತೆ ಮಡಿಸಿದವರು ಅಪರೂಪ. ಕೊಡುವವರ ಲೆಕ್ಕ ಸರಳ: ಮುಂದಿನ ಊರಿನಲ್ಲಿ ಏನಿದೆ ಎಂದು ತಿಳಿದವನು ಮುಂದಿನ ಊರಿಗೆ ಹೋಗುತ್ತಾನೆ, ಹೋಗಲು ಪೆಟ್ರೋಲ್ ಬೇಕು. ಉಚಿತವೆಂದು ಕೊಟ್ಟದ್ದರ ಬೆಲೆ ಗ್ಯಾಲನ್ನಿನಲ್ಲಿ ಬಂದುಬಿಡುತ್ತಿತ್ತು.

ಈ ಸಾಲಿನಲ್ಲಿ ಬರೆಯದೆಯೂ ಇರುವವನು ಬಂಕಿನ ಹುಡುಗ. ನೆಲದ ಮೇಲೆ ಅಡ್ಡ ಹಾಸಿದ ರಬ್ಬರ್ ಕೊಳವೆಯ ಮೇಲೆ ಚಕ್ರ ಹತ್ತಿದರೆ ಒಳಗೆ ಢಣ್ ಢಣ್ ಎಂದು ಗಂಟೆ. ಹುಡುಗ ಓಡಿ ಬರುತ್ತಾನೆ. ಪೆಟ್ರೋಲ್ ಇಳಿಯುತ್ತಿರುವಾಗಲೇ ಮುಂದಿನ ಗಾಜು ಒರೆಸಿ, ಬಾನೆಟ್ ಎತ್ತಿ, ಆಯಿಲ್ ಕಡ್ಡಿ ಎಳೆದು ಒರೆಸಿ ಮತ್ತೆ ಅದ್ದಿ ತೋರಿಸಿ, ನಾಲ್ಕೂ ಟೈರಿನ ಗಾಳಿ ನೋಡುತ್ತಾನೆ. ಈಗಿನವರು ಬಂಕನ್ನು ನೆನೆದು ಕಣ್ಣು ಒದ್ದೆ ಮಾಡಿಕೊಳ್ಳುವುದು ಮುಕ್ಕಾಲು ಪಾಲು ಇವನಿಗಾಗಿ. ಹತ್ತನೆಯ ಸಾಲಿನಲ್ಲಿ ಮತ್ತೆ ಸಿಗುತ್ತಾನೆ.

2. ಗ್ಯಾಲನ್ನಿಗೆ 29 ಸೆಂಟು. ಮಗ್ಗುಲಲ್ಲಿ ಚಿಕ್ಕದಾಗಿ, 9/10.

ಅಂದರೆ ಮೂವತ್ತು ಸೆಂಟು. ತೆರಿಗೆಗಳು ಸೆಂಟಿನ ತುಣುಕುಗಳಲ್ಲಿ ಬರುತ್ತಿದ್ದ ಕಾಲದಲ್ಲಿ ಅಂಟಿಕೊಂಡ ಬಾಲ ಇದು. ಅಲ್ಲಿನ ಬಂಕುಗಳಲ್ಲಿ ಇವತ್ತಿಗೂ ಬಿಟ್ಟಿಲ್ಲ. ಸೆಂಟಿನ ಹತ್ತರಲ್ಲೊಂದು ಪಾಲನ್ನು ಯಾರೂ ಯಾರಿಗೂ ವಾಪಸು ಕೊಟ್ಟದ್ದಿಲ್ಲ, ಅಂಥ ನಾಣ್ಯವೇ ಇಲ್ಲ.

ಬೆಲೆಗಿಂತ ಅಳತೆಯ ಕಥೆ ರುಚಿಕರ. ಪೆಟ್ರೋಲ್ ನೆಲದಡಿಯ ಟ್ಯಾಂಕಿನಿಂದ ಬಂದು ಕಾರಿನ ಟ್ಯಾಂಕಿಗೆ ಹೋಗುತ್ತದೆ, ನಡುವೆ ಅದನ್ನು ಕಂಡವರಿಲ್ಲ. ಕಾಣದ ವಸ್ತುವನ್ನು ಅಳೆದು ಮಾರುವವನನ್ನು ನಂಬುವುದು ಹೇಗೆ? 1910ರ ದಶಕದಲ್ಲಿ ಇದಕ್ಕೆ ಹುಟ್ಟಿದ ಉತ್ತರವೇ ಸಂಗ್ರಹಕಾರರು ಈಗ ಜೀವ ಬಿಡುವ ‘ಕಾಣುವ’ ಪಂಪು. ಆಳೆತ್ತರಕ್ಕಿಂತ ಎತ್ತರದ ಕಬ್ಬಿಣದ ಕಂಬ, ತುದಿಯಲ್ಲಿ ಗಾಜಿನ ಪೀಪಾಯಿ, ಒಳಗೆ ಗ್ಯಾಲನ್ನಿನ ಗುರುತು ಹೊತ್ತ ಪಟ್ಟಿ. ಕೆಳಗಿನ ಉದ್ದ ಹಿಡಿಯನ್ನು ಹಿಂದೆ ಮುಂದೆ ಜಗ್ಗಿದರೆ ಪೆಟ್ರೋಲ್ ಮೇಲೇರಿ ಗಾಜಿನಲ್ಲಿ ನೊರೆಯಾಡಿ ನಿಲ್ಲುತ್ತದೆ. ಗಿರಾಕಿ ಕತ್ತೆತ್ತಿ ಗುರುತು ನೋಡಿ ತಲೆಯಾಡಿಸಿದ ಮೇಲೆ ಕೊಳವೆ ಬಿಡಬೇಕು. ಭೂಮಿಯ ಸೆಳೆತಕ್ಕೆ ತಾನಾಗಿ ಇಳಿಯುತ್ತದೆ. ಕಂಪನಿಗಳು ಪೆಟ್ರೋಲಿಗೆ ಕೆಂಪು, ನೀಲಿ ಬಣ್ಣ ಕಟ್ಟಿ ಮಾರಿದ್ದೂ ಉಂಟು. ಇವತ್ತು ದೀವಾನಖಾನೆಯ ಮೂಲೆಯಲ್ಲಿ ನಿಲ್ಲಿಸಿದರೆ ಬಹಳ ಚಂದ ಕಾಣುವ ಈ ವಸ್ತುವಿನ ಮೂಲದಲ್ಲಿರುವುದು ಅಪನಂಬಿಕೆ.

1930ರ ದಶಕದಲ್ಲಿ ಲೀಟರನ್ನೂ ಕಾಸನ್ನೂ ತಾನೇ ಗುಣಿಸಿ ತೋರಿಸುವ ಹಲ್ಲುಚಕ್ರದ ಪಂಪು ಬಂದ ಮೇಲೆ ಗಾಜು ಹೋಯಿತು. (ಅಲ್ಲಿ ಗ್ಯಾಲನ್, ನನಗೆ ಲೀಟರ್ ಎಂದೇ ಬಾಯಿಗೆ ಬರುತ್ತದೆ.) ಆ ಹಲ್ಲುಚಕ್ರಗಳನ್ನು ರೂಪಿಸಿದವರು ಗ್ಯಾಲನ್ನಿಗೆ 99.9 ಸೆಂಟಿಗಿಂತ ಹೆಚ್ಚು ಬೆಲೆ ಬಂದೀತೆಂದು ಎಣಿಸಿರಲಿಲ್ಲ. 1979ರಲ್ಲಿ ಬೆಲೆ ಒಂದು ಡಾಲರ್ ದಾಟಿದಾಗ ಎಷ್ಟೋ ಬಂಕುಗಳು ಪಂಪಿಗೆ ಅರ್ಧ ಬೆಲೆ ಹೇಳಿಕೊಟ್ಟು, ‘ತೋರಿದ ಮೊತ್ತದ ಎರಡರಷ್ಟು ಕೊಡಿ’ ಎಂದು ಚೀಟಿ ಅಂಟಿಸಬೇಕಾಯಿತು.

3. ಈಥೈಲ್. ಕೆಳಗೆ: ಸೀಸ ಬೆರೆತಿದೆ, ಇಂಜಿನ್ನಿಗೆ ಮಾತ್ರ ಬಳಸಿ.

ಇಡೀ ಮೂಲದಲ್ಲಿ ದಪ್ಪಕ್ಷರಕ್ಕೂ ಸಣ್ಣಕ್ಷರಕ್ಕೂ ಇಷ್ಟು ದೂರ ಇನ್ನೆಲ್ಲೂ ಇಲ್ಲ.

ಆಗಿನ ಇಂಜಿನ್ನುಗಳು ಏರು ಹತ್ತುವಾಗ ಟಕಟಕ ಬಡಿದುಕೊಳ್ಳುತ್ತಿದ್ದವು. ಪೆಟ್ರೋಲ್ ಸಿಲಿಂಡರಿನೊಳಗೆ ಹೊತ್ತಲ್ಲದ ಹೊತ್ತಿನಲ್ಲಿ ಸಿಡಿಯುವುದು ಕಾರಣ. ಜನರಲ್ ಮೋಟರ್ಸ್‌ನ ಡೇಟನ್ ಪ್ರಯೋಗಾಲಯದಲ್ಲಿ ಥಾಮಸ್ ಮಿಜ್ಲಿ 1921ರ ಡಿಸೆಂಬರಿನಲ್ಲಿ ಮದ್ದು ಕಂಡುಹಿಡಿದ: ಪೆಟ್ರೋಲಿಗೆ ಒಂದು ಸೀಸದ ಸಂಯುಕ್ತವನ್ನು ಸ್ವಲ್ಪವೇ ಸೇರಿಸಿದರೆ ಬಡಿತ ನಿಂತಿತು. 1923ರ ಫೆಬ್ರವರಿಯಲ್ಲಿ ಡೇಟನ್ನಿನ ಒಂದು ಬಂಕಿನಲ್ಲೇ ಮಾರಾಟ ಶುರು. ಸೀಸ ವಿಷವೆಂದು ಆಗಲೂ ಗೊತ್ತಿತ್ತು. ಆದ್ದರಿಂದ ಮಾರಾಟದ ಹೆಸರಿನಲ್ಲಿ ಸೀಸವನ್ನು ಎತ್ತಲಿಲ್ಲ. ಈಥೈಲ್ ಎಂದಿಟ್ಟರು, ಹೆಣ್ಣುಮಗುವಿಗೆ ಇಡುವಂಥ ಹೆಸರು. ಈ ಹೆಸರು ಹೊತ್ತ ಗಾಜಿನ ಗುಂಡುಗಳು ಪಂಪುಗಳ ನೆತ್ತಿಯ ಮೇಲೆ ರಾತ್ರಿಯೆಲ್ಲ ಬೆಳಗುತ್ತಿದ್ದವು.

1924ರ ಅಕ್ಟೋಬರಿನಲ್ಲಿ ನ್ಯೂಜೆರ್ಸಿಯ ಬೇವೇ ಘಟಕದಲ್ಲಿ ಈ ಸೀಸದ ದ್ರವ ತಯಾರಿಸುತ್ತಿದ್ದ ಕೆಲಸಗಾರರಿಗೆ ಬುದ್ಧಿಭ್ರಮಣೆ ಶುರುವಾಯಿತು. ಐವರು ಸತ್ತರು, ಉಳಿದ ಅನೇಕರನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಡ್ಯುಪಾಂಟ್ ಎಂಬ ಇನ್ನೊಂದು ಕಂಪನಿಯ ಘಟಕಕ್ಕೆ ಕೆಲಸಗಾರರೇ ‘ಚಿಟ್ಟೆಗಳ ಮನೆ’ ಎಂದು ಹೆಸರಿಟ್ಟಿದ್ದರು, ಅಲ್ಲಿದ್ದವರು ಇಲ್ಲದ ಹುಳುಗಳನ್ನು ಗಾಳಿಯಲ್ಲಿ ಹಿಡಿಯುತ್ತಿದ್ದರೆಂದು. ಅದೇ ಅಕ್ಟೋಬರಿನ ಕೊನೆಗೆ ಮಿಜ್ಲಿ ಪತ್ರಕರ್ತರೆದುರು ಆ ದ್ರವದಲ್ಲಿ ಕೈ ತೊಳೆದು, ಮೂಸಿ, ಏನೂ ಆಗದೆಂದು ತೋರಿಸಿದ. ಹಿಂದಿನ ವರ್ಷ ಇದೇ ಸೀಸದಿಂದ ಕಾಯಿಲೆ ಬಿದ್ದು ಫ್ಲಾರಿಡಾಕ್ಕೆ ಹೋಗಿ ಸುಧಾರಿಸಿಕೊಂಡು ಬಂದವನು ಅವನೇ. 1925ರಲ್ಲಿ ಮಾರಾಟ ನಿಂತಿತು, ತಜ್ಞರ ಸಮಿತಿ ಕೂತಿತು, 1926ರಲ್ಲಿ ಮತ್ತೆ ಹೊರಟಿತು.

ಸಣ್ಣಕ್ಷರ ಬಂದದ್ದು ಆಮೇಲೆ. ‘ಇಂಜಿನ್ನಿಗೆ ಮಾತ್ರ’ ಎಂದು ಹೇಳಬೇಕಾದ ಅಗತ್ಯವೇನಿತ್ತೆಂದರೆ, ಜನ ಪೆಟ್ರೋಲಿನಲ್ಲಿ ಬಟ್ಟೆಯ ಕಲೆ ತೆಗೆಯುತ್ತಿದ್ದರು, ಗ್ರೀಸಿನ ಕೈ ತೊಳೆಯುತ್ತಿದ್ದರು. ಎಚ್ಚರಿಕೆ ಕೈಗೆ ಸಂಬಂಧಪಟ್ಟದ್ದು. ಹೊಗೆಕೊಳವೆಯಿಂದ ಹೊರಟು ಊರ ಮಕ್ಕಳ ಉಸಿರಿಗೆ ಸೇರಿದ ಸೀಸದ ಬಗ್ಗೆ ಪಂಪಿನ ಮೇಲೆ ಜಾಗವಿರಲಿಲ್ಲ. 1970ರ ದಶಕದಿಂದ ಹಂತಹಂತವಾಗಿ ಇಳಿಸುತ್ತ ಬಂದು ಅಮೆರಿಕ ರಸ್ತೆಯ ವಾಹನಗಳಿಗೆ ಸೀಸದ ಪೆಟ್ರೋಲನ್ನು ಪೂರ್ತಿ ನಿಷೇಧಿಸಿದ್ದು 1996ಕ್ಕೆ. ಭಾರತದಲ್ಲಿ 2000ದಲ್ಲಿ. ಜಗತ್ತಿನ ಕೊನೆಯ ಬಂಕು, ಅಲ್ಜೀರಿಯಾದ್ದು, 2021ರಲ್ಲಿ ಮಾರಾಟ ನಿಲ್ಲಿಸಿತು. ಈಥೈಲ್ ಗುಂಡನ್ನು ಮನೆಯಲ್ಲಿ ಹೊತ್ತಿಸಿಟ್ಟುಕೊಳ್ಳುವವರ ಮೇಲೆ ನನಗೇನೂ ಸಿಟ್ಟಿಲ್ಲ. ಕೆಳಗಿನ ತಗಡನ್ನೂ ಜೊತೆಗೇ ತೂಗುಹಾಕಿದರೆ ವಸ್ತುವಿಗೆ ನ್ಯಾಯ ಸಲ್ಲುತ್ತದೆ.

4. ಶುಚಿಯಾದ ಶೌಚಾಲಯ.

ಟೆಕ್ಸಾಕೊ ಕಂಪನಿ 1937ರ ಸುಮಾರಿಗೆ ವಿನ್ಯಾಸಕ ವಾಲ್ಟರ್ ಡಾರ್ವಿನ್ ಟೀಗ್ ಕೈಯಲ್ಲಿ ಹೊಸ ಬಂಕಿನ ನಮೂನೆ ಮಾಡಿಸಿತು: ಬಿಳಿ ಎನಾಮಲ್ ಹೊದಿಸಿದ ಪೆಟ್ಟಿಗೆಯಂಥ ಕಟ್ಟಡ, ಸುತ್ತ ಹಸಿರು ಗೆರೆ, ಕೆಂಪು ನಕ್ಷತ್ರ. ದೇಶದುದ್ದಕ್ಕೂ ಅದೇ ನಮೂನೆ. ಮರುವರ್ಷ ‘ನೋಂದಾಯಿತ ಶೌಚಾಲಯ’ ಎಂಬ ಯೋಜನೆ ಬಂತು. ಬಾಗಿಲಿಗೆ ನಂಬರು, ಪರೀಕ್ಷಿಸಲು ಬಿಳಿ ಕಾರಿನಲ್ಲಿ ಸುತ್ತುವ ತಪಾಸಣೆಯವರು. ದೂರದ ಪ್ರಯಾಣದಲ್ಲಿ ಕಾರನ್ನು ಎಲ್ಲಿ ನಿಲ್ಲಿಸಬೇಕೆಂದು ತೀರ್ಮಾನಿಸುವವಳು ಹೆಂಡತಿ ಎಂಬುದನ್ನು ಕಂಪನಿ ಸರಿಯಾಗಿ ಅರ್ಥ ಮಾಡಿಕೊಂಡಿತ್ತು.

ಯಾರಿಗೆ ಶುಚಿ? ದಕ್ಷಿಣದ ರಾಜ್ಯಗಳ ಎಷ್ಟೋ ಬಂಕುಗಳ ಹಿಂದೆ ಮೂರು ಬಾಗಿಲು: ಗಂಡಸರು, ಹೆಂಗಸರು, ಕರಿಯರು. ಮೂರನೆಯದಕ್ಕೆ ಗಂಡು ಹೆಣ್ಣೆಂಬ ಭೇದವಿರಲಿಲ್ಲ. ಎಷ್ಟೋ ಕಡೆ ಮೂರನೆಯ ಬಾಗಿಲೇ ಇರುತ್ತಿರಲಿಲ್ಲ. ಪೆಟ್ರೋಲಿಗೆ ಕಪ್ಪು ಜನರ ದುಡ್ಡು ತೆಗೆದುಕೊಂಡು ಶೌಚಕ್ಕೆ ಪೊದೆ ತೋರಿಸುತ್ತಿದ್ದರು. ಆ ಕುಟುಂಬಗಳು ಡಿಕ್ಕಿಯಲ್ಲಿ ಬುತ್ತಿ, ನೀರು, ಹೆಚ್ಚುವರಿ ಪೆಟ್ರೋಲ್ ಡಬ್ಬಿ, ಮಕ್ಕಳಿಗೊಂದು ಪಾತ್ರೆ ಇಟ್ಟುಕೊಂಡೇ ಹೊರಡುತ್ತಿದ್ದವು.

ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ವಾಸವಿದ್ದ ಅಂಚೆಯಣ್ಣ ವಿಕ್ಟರ್ ಹ್ಯೂಗೊ ಗ್ರೀನ್ 1936ರಲ್ಲಿ ಇವರಿಗಾಗಿ ಒಂದು ಕೈಪಿಡಿ ಅಚ್ಚು ಹಾಕಿಸಿದರು. ಯಾವ ಊರಿನ ಯಾವ ಹೋಟೆಲು, ಯಾವ ಬಂಕು, ಯಾವ ಕ್ಷೌರದಂಗಡಿ ಒಳಗೆ ಬಿಟ್ಟುಕೊಳ್ಳುತ್ತದೆ ಎಂಬ ಪಟ್ಟಿ. ಹಸಿರು ರಟ್ಟಿನ ಆ ‘ಗ್ರೀನ್ ಬುಕ್’ 1960ರ ದಶಕದ ನಡುವಿನವರೆಗೆ ಹೊರಬಂತು. ಅದನ್ನು ತನ್ನ ಬಂಕುಗಳಲ್ಲಿಟ್ಟು ಮಾರಿದ ತೈಲ ಕಂಪನಿ ಎಸ್ಸೊ. ಮೊದಲ ಸಾಲಿನ ಉಚಿತ ನಕ್ಷೆ ಯಾವ ರಸ್ತೆ ಎಲ್ಲಿಗೆ ಹೋಗುತ್ತದೆ ಎಂದು ಹೇಳುತ್ತಿತ್ತು. ಎಲ್ಲಿ ನಿಲ್ಲಬಹುದು ಎಂಬುದಕ್ಕೆ ಇವರು ದುಡ್ಡು ಕೊಟ್ಟು ಇನ್ನೊಂದು ಪುಸ್ತಕ ಕೊಳ್ಳಬೇಕಿತ್ತು. ಸಾರ್ವಜನಿಕ ಜಾಗಗಳಲ್ಲಿ ಭೇದ ಕೂಡದೆಂದು ಕಾನೂನಾದದ್ದು 1964ರಲ್ಲಿ.

ಹರಾಜಿನ ಪಟ್ಟಿಗಳಲ್ಲಿ ‘ಶುಚಿಯಾದ ಶೌಚಾಲಯ’ದ ಬೋರ್ಡು ಅಲಂಕಾರದ ವಸ್ತುವಾಗಿ ಬರುತ್ತದೆ. ಮೂರನೆಯ ಬಾಗಿಲಿನ ಬೋರ್ಡಿಗೂ ಗಿರಾಕಿಗಳಿದ್ದಾರೆ. ಅದನ್ನು ಕೊಳ್ಳುವವರಲ್ಲಿ ವಸ್ತುಸಂಗ್ರಹಾಲಯಗಳೂ ಇವೆ, ಅಲ್ಲದವರೂ ಇದ್ದಾರೆ. ಹೆಚ್ಚು ಬಿಡಿಸಿ ಹೇಳುವುದು ಬೇಡ.

5. ಐದು ಸೆಂಟು. ನಾಣ್ಯ ಹಾಕಿ, ಬಾಟಲಿ ಎಳೆಯಿರಿ.

ಬಂಕಿನ ಗೋಡೆಗೊರಗಿದ ಕೆಂಪು ಯಂತ್ರದ ವಾಕ್ಯ. ಕ್ಯಾನ್ಸಸ್ ಸಿಟಿಯ ವೆಂಡೊ ಕಂಪನಿಯ ಯಂತ್ರಗಳನ್ನು ಹುಡುಕಿಕೊಂಡು ಈಗಲೂ ಜನ ರಾಜ್ಯದಿಂದ ರಾಜ್ಯಕ್ಕೆ ಅಲೆಯುತ್ತಾರೆ. ದುಂಡು ಭುಜ, ಮೈಯೆಲ್ಲ ಕೆಂಪು, ಪಕ್ಕದಲ್ಲಿ ಕಿರಿದಾದ ಉದ್ದನೆಯ ಬಾಗಿಲು. ತೆರೆದರೆ ಒಂದರ ಮೇಲೊಂದು ಅಡ್ಡ ಮಲಗಿಸಿದ ಬಾಟಲಿಗಳ ಬಿರಡೆ ಕಾಣುತ್ತವೆ. ನಾಣ್ಯ ಬೀಳುವವರೆಗೆ ಎಷ್ಟು ಜಗ್ಗಿದರೂ ಬಾರದ ಕತ್ತು, ಬಿದ್ದ ಮೇಲೆ ಖಟ್ಟೆಂದು ಸಡಿಲವಾಗಿ ಕೈಗೆ ಬರುತ್ತದೆ. ಮುಂಭಾಗದಲ್ಲೇ ಬಿರಡೆ ತೆಗೆಯುವ ಕಬ್ಬಿಣದ ಬಾಯಿ. ಬಿರಡೆ ಒಳಗಿನ ಡಬ್ಬಿಗೆ ಬಿದ್ದು ಹಿಂದಿನವುಗಳ ಜೊತೆ ಸೇರುತ್ತದೆ. ನಮ್ಮ ರೈಲು ನಿಲ್ದಾಣಗಳ ತೂಕದ ಯಂತ್ರವನ್ನು ಬಲ್ಲವರಿಗೆ ಈ ಸುಖ ಬಿಡಿಸಿ ಹೇಳಬೇಕಿಲ್ಲ: ನಾಣ್ಯ ಹಾಕಿ, ದೀಪಗಳು ಮಿನುಗಿ, ರಟ್ಟಿನ ಚೀಟಿ ಉದುರಿ, ಒಂದು ಬದಿ ತೂಕ, ಇನ್ನೊಂದು ಬದಿ ಭವಿಷ್ಯ. ತೂಕ ಯಾರು ನೋಡುತ್ತಿದ್ದರು?

ಇನ್ನು ಐದು ಸೆಂಟು. ಕೋಕಾ ಕೋಲಾ 1886ರಲ್ಲಿ ಅಟ್ಲಾಂಟಾದಲ್ಲಿ ಐದು ಸೆಂಟಿಗೆ ಶುರುವಾಗಿ, ಎರಡು ಮಹಾಯುದ್ಧ, ಒಂದು ಮಹಾ ಆರ್ಥಿಕ ಕುಸಿತ ದಾಟಿ 1950ರ ದಶಕದವರೆಗೆ ಐದು ಸೆಂಟಿಗೇ ನಿಂತಿತು. ‘ಆಗ ಎಲ್ಲ ಸೋವಿ’ ಎನ್ನುವವರು ಕೊಡುವ ಮೊದಲ ಉದಾಹರಣೆ ಇದು. ಸೋವಿಯ ಹಿಂದೆ ಎರಡು ಕಾರಣಗಳಿದ್ದವು, ಎರಡರಲ್ಲೂ ಔದಾರ್ಯ ಇಲ್ಲ. 1899ರಲ್ಲಿ ಚಟ್ಟನೂಗದ ಇಬ್ಬರು ವಕೀಲರು ಬಾಟಲಿಯಲ್ಲಿ ತುಂಬಿ ಮಾರುವ ಹಕ್ಕು ಕೇಳಿಕೊಂಡು ಬಂದರು. ಬಾಟಲಿ ವ್ಯಾಪಾರ ನಡೆಯುವುದಿಲ್ಲವೆಂದುಕೊಂಡ ಕಂಪನಿಯ ಯಜಮಾನ ಒಂದು ಡಾಲರಿಗೆ ಹಕ್ಕು ಬರೆದುಕೊಟ್ಟ, ಸಿರಪ್ಪಿನ ದರವನ್ನೂ ಅವಧಿಯಿಲ್ಲದೆ ಗೊತ್ತುಮಾಡಿಬಿಟ್ಟ. ದರ ಏರಿಸುವಂತಿಲ್ಲ ಎಂದಾದ ಮೇಲೆ ಕಂಪನಿಗೆ ಲಾಭ ಬರುವುದು ಹೆಚ್ಚು ಸಿರಪ್ಪು ಖರ್ಚಾದರೆ ಮಾತ್ರ. ಅಂಗಡಿಯವರು ಬೆಲೆ ಏರಿಸದ ಹಾಗೆ ಕಂಪನಿ ಊರ ಗೋಡೆಗಳ ಮೇಲೆಲ್ಲ ‘5 ಸೆಂಟು’ ಎಂದು ಬರೆಸಿತು. ಒಪ್ಪಂದ 1921ರಲ್ಲಿ ಬದಲಾದರೂ ಗೋಡೆಗಳು ಬದಲಾಗಲಿಲ್ಲ.

ಎರಡನೆಯ ಕಾರಣ ಈ ಯಂತ್ರವೇ. ಅದರ ಬಾಯಿಗೆ ಹಿಡಿಸುವುದು ಐದು ಸೆಂಟಿನ ಒಂದು ನಾಣ್ಯ. ಬೆಲೆ ಏರಿಸಬೇಕೆಂದರೆ ಒಂದೇ ಏಟಿಗೆ ಹತ್ತು ಸೆಂಟು ಮಾಡಬೇಕು. ಕಂಪನಿಯ ಮುಖ್ಯಸ್ಥ ರಾಬರ್ಟ್ ವುಡ್ರಫ್ 1953ರಲ್ಲಿ ತನ್ನ ಗೆಳೆಯ, ಅಧ್ಯಕ್ಷ ಐಸೆನ್‌ಹೋವರ್‌ಗೆ ಪತ್ರ ಬರೆದು ಏಳೂವರೆ ಸೆಂಟಿನ ಹೊಸ ನಾಣ್ಯ ಟಂಕಿಸಬಾರದೇ ಎಂದು ಕೇಳಿದ. ಆಗಲಿಲ್ಲ. ಕೆಲವು ಊರುಗಳಲ್ಲಿ ಒಂಬತ್ತಕ್ಕೆ ಒಂದರಂತೆ ಖಾಲಿ ಬಾಟಲಿ ಇಟ್ಟು ನೋಡಿದ್ದೂ ಇದೆ. ನಸೀಬು ಕೆಟ್ಟವನು ಇನ್ನೊಂದು ನಾಣ್ಯ ಹಾಕಬೇಕು. ಸರಾಸರಿ ಬೆಲೆ 5.625 ಸೆಂಟಾಯಿತು. ಒಂದು ಯಂತ್ರದ ಬಾಯಿಯ ಅಗಲ ಒಂದು ದೇಶದ ಬಾಲ್ಯಸ್ಮೃತಿಯನ್ನು ಹೀಗೆ ಕಾಪಾಡಿತು. 1959ರ ಹೊತ್ತಿಗೆ ಐದು ಸೆಂಟಿನ ಬಾಟಲಿ ಎಲ್ಲೂ ಉಳಿದಿರಲಿಲ್ಲ.

6. ಖಾಲಿ ಬಾಟಲಿ ಇಲ್ಲಿಡಿ.

ಯಂತ್ರದ ಪಕ್ಕದ ಮರದ ಪೆಟ್ಟಿಗೆಯ ಮಾತು. ಅರ್ಥ ಸ್ಪಷ್ಟ. ಬಾಟಲಿ ಕಂಪನಿಯ ಆಸ್ತಿ, ತೊಳೆದು ಮತ್ತೆ ತುಂಬುತ್ತಾರೆ. ಹೊರಗೆ ಒಯ್ದರೆ ಡೆಪಾಸಿಟ್ಟಿನ ಚಿಲ್ಲರೆ ಹೋಯಿತು, ಪೊದೆಯಲ್ಲಿ ಬಿದ್ದ ಬಾಟಲಿ ಆರಿಸಿ ತಂದ ಹುಡುಗರಿಗೆ ಬಂತು. ಹಳೆಯ ವ್ಯವಸ್ಥೆಯಲ್ಲಿ ನಿಜವಾಗಿ ಮರಳಿ ಬರಬೇಕಾದದ್ದು ಇದೊಂದೇ ಎಂದು ನನಗನ್ನಿಸುತ್ತದೆ. ಈ ಪೆಟ್ಟಿಗೆಯನ್ನು ಮಾತ್ರ ಸಂಗ್ರಹಕಾರರು ಹೂಕುಂಡ ಇಡಲು ಬಳಸುತ್ತಾರೆ.

7. ಹೊಸ ಮಾದರಿ ಬರಲಿದೆ. ಅಲ್ಲಿಯವರೆಗೆ ತಾಳಿ.

ರಸ್ತೆ ದಾಟಿ ಶೋರೂಮಿಗೆ ಬಂದೆವು. ಪ್ರತಿ ವರ್ಷ ನಮ್ಮಲ್ಲಿ ಮಳೆಗಾಲ ಮುಗಿಯುವ ಹೊತ್ತಿಗೆ ಅಲ್ಲಿ ಹೊಸ ಕಾರುಗಳು ಬರುತ್ತಿದ್ದವು. ಡೀಲರು ಗಾಜಿನ ಗೋಡೆಗೆಲ್ಲ ಒಳಗಿನಿಂದ ಕಾಗದ ಅಂಟಿಸುತ್ತಿದ್ದ. ಟಾರ್ಪಾಲು ಹೊದೆಸಿದ ಕಾರುಗಳು ರಾತ್ರಿ ಇಳಿಯುತ್ತಿದ್ದವು. ಕಾಗದದ ಸಂದಿನಲ್ಲಿ ಕಣ್ಣಿಟ್ಟು ಇಣುಕುವುದು ಊರಿನ ಹುಡುಗರ ದಸರೆ. ಕಾಗದ ಕೀಳುವ ರಾತ್ರಿ ಸರ್ಚ್‌ಲೈಟು, ಬೆಲೂನು, ಎಲ್ಲರಿಗೂ ಕಾಫಿ.

ಈ ತಂತ್ರದ ಮಿತಿ ಫೋರ್ಡ್ ಕಂಪನಿಗೆ 1957ರ ಸೆಪ್ಟೆಂಬರ್ 4ರಂದು ತಿಳಿಯಿತು. ಹೆನ್ರಿ ಫೋರ್ಡನ ಮಗ ಎಡ್ಸೆಲ್‌ನ ಹೆಸರಿಟ್ಟ ಹೊಸ ಕಾರನ್ನು ತಿಂಗಳುಗಟ್ಟಲೆ ಮುಚ್ಚಿಟ್ಟು ಆಸೆ ಹುಟ್ಟಿಸಿದ್ದರು. ಕಾಗದ ಕಿತ್ತ ದಿನ ಲಕ್ಷಗಟ್ಟಲೆ ಜನ ಬಂದು ನೋಡಿ, ಕಾಫಿ ಕುಡಿದು, ತಮ್ಮ ಹಳೆಯ ಕಾರುಗಳಲ್ಲಿ ಮನೆಗೆ ಹೋದರು. 1959ರ ನವೆಂಬರಿನಲ್ಲಿ ಎಡ್ಸೆಲ್ ನಿಂತಿತು. ನಷ್ಟ ಸುಮಾರು 25 ಕೋಟಿ ಡಾಲರ್. ಅದೇ ಎಡ್ಸೆಲ್‌ಗೆ ಈಗ ಅಭಿಮಾನಿಗಳ ಕ್ಲಬ್ಬುಗಳಿವೆ.

ಕಂಪನಿ ಸತ್ತರೂ ಅಂಗಡಿ ಬಿಡದವರಿದ್ದರು. ಮಿಷಿಗನ್‌ನ ಇಪ್ಸಿಲಾಂಟಿಯ ಮಿಲ್ಲರ್ ಮೋಟರ್ಸ್, ಹಡ್ಸನ್ ಕಾರುಗಳು 1957ರಲ್ಲಿ ನಿಂತ ಮೇಲೂ ಅವುಗಳ ಬಿಡಿಭಾಗ ಮಾರುತ್ತ ದಶಕಗಟ್ಟಲೆ ಬಾಗಿಲು ತೆರೆದಿಟ್ಟಿತ್ತು. ಜಗತ್ತಿನ ಕೊನೆಯ ಹಡ್ಸನ್ ಡೀಲರು ಎಂದು ಹೆಸರಾದ ಆ ಅಂಗಡಿ ಈಗ ಕಾರುಗಳ ವಸ್ತುಸಂಗ್ರಹಾಲಯ.

8. ತಯಾರಕರು ಸೂಚಿಸಿದ ಬೆಲೆ, ಸಾಗಣೆ ಖರ್ಚು, ಒಟ್ಟು.

ಸಂಸತ್ತು ಬರೆದ ಸಾಲು ಇದು. 1958ಕ್ಕೆ ಮೊದಲು ಹೊಸ ಕಾರಿನ ಬೆಲೆ ಡೀಲರನ ಬಾಯಲ್ಲಿತ್ತು. ಸಾಗಣೆ, ಸಿದ್ಧಪಡಿಸುವ ಖರ್ಚು ಎಂದು ಮೊದಲು ಉಬ್ಬಿಸಿ, ನಿಮ್ಮ ಹಳೆಯ ಕಾರಿಗೆ ಧಾರಾಳ ಬೆಲೆ ಕಟ್ಟಿದಂತೆ ತೋರಿಸಿ, ಉಬ್ಬಿದ್ದರಲ್ಲಿ ಅದನ್ನು ವಸೂಲು ಮಾಡುವುದು ರೂಢಿ. ಒಕ್ಲಹೋಮದ ಸೆನೆಟರ್ ಮೈಕ್ ಮನ್ರೋನಿ ತಂದ ಕಾನೂನು, ಪ್ರತಿ ಹೊಸ ಕಾರಿನ ಗಾಜಿಗೆ ಬೆಲೆಯ ವಿವರ ಅಂಟಿಸಬೇಕು, ಗಿರಾಕಿಯ ಕೈ ಸೇರುವ ಮೊದಲು ಕಿತ್ತರೆ ಶಿಕ್ಷೆ ಎಂದಿತು. ಆ ಚೀಟಿಗೆ ಅಲ್ಲಿ ಇವತ್ತಿಗೂ ಅವನದೇ ಹೆಸರು. ಊರಿನ ಡೀಲರನ್ನು ಮಾವನಂತೆ ಕಂಡ ದಿನಗಳು ಎಂದು ಹಂಬಲಿಸುವವರು ಈ ಕಾನೂನು ಯಾಕೆ ಬೇಕಾಯಿತೆಂದು ಒಂದು ಗಳಿಗೆ ಯೋಚಿಸಬೇಕು. ತಮಾಷೆಯೆಂದರೆ, ಡೀಲರ ಮೇಲಿನ ಗುಮಾನಿಯಿಂದ ಹುಟ್ಟಿದ ಆ ಚೀಟಿ ಹಳೆಯ ಕಾರಿನ ಜೊತೆ ಉಳಿದಿದ್ದರೆ ಸಂಗ್ರಹಕಾರರು ಅದಕ್ಕೇ ಬೇರೆ ದುಡ್ಡು ಕೊಡುತ್ತಾರೆ.

ಅಪವಾದವೂ ಇದೆ. ನೆಬ್ರಾಸ್ಕದ ಪಿಯರ್ಸ್ ಎಂಬ ಪುಟ್ಟ ಊರಿನಲ್ಲಿ ರೇ ಲ್ಯಾಂಬ್ರೆಕ್ಟ್ ಮತ್ತು ಅವರ ಪತ್ನಿ ಮಿಲ್ಡ್ರೆಡ್ 1946ರಿಂದ 1996ರವರೆಗೆ ಷೆವ್ರೊಲೆ ಡೀಲರಾಗಿದ್ದರು. ಚೌಕಾಸಿ ಇಲ್ಲ, ಹೇಳುವ ಮೊದಲ ಬೆಲೆಯೇ ಕೊನೆಯದು. ವರ್ಷ ಕಳೆದು ಉಳಿದ ಕಾರನ್ನು ಬೆಲೆ ಮುರಿದು ಸಾಗಹಾಕುವ ಬದಲು ಕಟ್ಟಡಗಳಲ್ಲಿ ಒಟ್ಟಿದರು. ಗಿರಾಕಿಗಳು ಬದಲಿಗೆ ಬಿಟ್ಟುಹೋದ ಕಾರುಗಳು ಹೊಲದಲ್ಲಿ ನಿಂತವು, ನಡುವೆ ಮರ ಬೆಳೆದವು. 2013ರ ಸೆಪ್ಟೆಂಬರಿನಲ್ಲಿ ಸುಮಾರು 500 ವಾಹನಗಳನ್ನು ಹರಾಜು ಹಾಕಿದಾಗ ಅವುಗಳಲ್ಲಿ 50ರಷ್ಟು ಹೆಚ್ಚುಕಡಿಮೆ ಓಡಿಯೇ ಇರಲಿಲ್ಲ. 1958ರ ಒಂದು ಕ್ಯಾಮಿಯೊ ಪಿಕಪ್ಪು ಒಟ್ಟು ಓಡಿದ್ದು 1.3 ಮೈಲು, ಹೋದದ್ದು 1,40,000 ಡಾಲರಿಗೆ. ಐವತ್ತೈದು ವರ್ಷ ಯಾರಿಗೂ ಬೇಡವಾಗಿದ್ದ ಕಾರನ್ನು ಕೊಳ್ಳಲು ದೇಶದ ಮೂಲೆಮೂಲೆಯಿಂದ ಜನ ಬಂದಿದ್ದರು. ಆ ಕಾರಿನ ಬೆಲೆಗೆ ಆಧಾರ ಅದು ಮಾರಾಟವಾಗದೆ ಉಳಿದದ್ದೇ. 1958ರಲ್ಲೇ ಪಿಯರ್ಸಿನ ರೈತನೊಬ್ಬ ಅದನ್ನು ಕೊಂಡು ಜೋಳ ಹೇರಿದ್ದರೆ ಗುಜರಿಗೆ ಹೋಗಿರುತ್ತಿತ್ತು.

9. ಕ್ಷಮಿಸಿ, ಇವತ್ತು ಪೆಟ್ರೋಲ್ ಇಲ್ಲ.

ಎನಾಮಲ್ ಅಲ್ಲ, ರಟ್ಟಿನ ಮೇಲೆ ಕೈಬರಹ. 1973ರ ಅಕ್ಟೋಬರಿನ ಅರಬ್–ಇಸ್ರೇಲ್ ಯುದ್ಧದಲ್ಲಿ ಅಮೆರಿಕ ಇಸ್ರೇಲಿಗೆ ಬೆಂಬಲ ಕೊಟ್ಟದ್ದಕ್ಕೆ ಅರಬ್ ದೇಶಗಳು ತೈಲ ತಡೆದವು. ಬಂಕುಗಳ ಮುಂದೆ ಸಾಲು ಬೆಳೆಯಿತು, ಕೆಲವು ರಾಜ್ಯಗಳಲ್ಲಿ ನಂಬರ್ ಪ್ಲೇಟಿನ ಸಮ–ಬೆಸ ನೋಡಿ ದಿನ ಬಿಟ್ಟು ದಿನ ಪೆಟ್ರೋಲ್. ಉಚಿತ ನಕ್ಷೆ ಆ ಹೊತ್ತಿಗೆ ನಿಂತಿತು. ಮಾರಲು ಮಾಲೇ ಇಲ್ಲದವನು ಊರು ಸುತ್ತಿ ಎಂದು ಹೇಳುವುದಿಲ್ಲ.

ಬಂಕುಗಳನ್ನು ಮುಚ್ಚಿಸಿದ್ದು ಹೆದ್ದಾರಿ, ತೈಲದ ಬರ ಎಂದು ಹೇಳಿ ನಿಲ್ಲಿಸುತ್ತಾರೆ. ನೆಲದಡಿಯ ಕಾರಣ ಒಂದಿದೆ. ಹಳೆಯ ಉಕ್ಕಿನ ಟ್ಯಾಂಕುಗಳು ತುಕ್ಕು ಹಿಡಿದು ದಶಕಗಳಿಂದ ಸೋರುತ್ತ ಅಂತರ್ಜಲಕ್ಕೆ ಪೆಟ್ರೋಲ್ ಸೇರಿಸುತ್ತಿದ್ದವು. ಅಮೆರಿಕದ ಪರಿಸರ ಇಲಾಖೆ 1988ರಲ್ಲಿ ನಿಯಮ ಮಾಡಿ, 1998ರ ಡಿಸೆಂಬರಿನೊಳಗೆ ಹಳೆಯ ಟ್ಯಾಂಕುಗಳನ್ನು ಸುಧಾರಿಸಿ, ಬದಲಿಸಿ ಇಲ್ಲವೇ ಮುಚ್ಚಿ ಎಂದು ಗಡುವು ಕೊಟ್ಟಿತು. ಗಂಡ, ಹೆಂಡತಿ ಸೇರಿ ನಡೆಸುತ್ತಿದ್ದ ಎರಡು ಪಂಪಿನ ಬಂಕಿಗೆ ಆ ಖರ್ಚು ಕೈಗೆಟುಕುವಂಥದ್ದಲ್ಲ. ಪಂಪು, ಬೋರ್ಡು ಸಂಗ್ರಹಕಾರರಿಗೆ ಹೋದವು. ಸೋರಿದ ಮಣ್ಣು ಮಾಲೀಕರಿಗೇ ಉಳಿಯಿತು.

10. ನೀವೇ ಹಾಕಿಕೊಳ್ಳಿ.

ಹುಡುಗ ಕೆಲಸ ಕಳೆದುಕೊಂಡ ಸಾಲು. ಗಿರಾಕಿಯೇ ಪೆಟ್ರೋಲ್ ಹಾಕಿಕೊಳ್ಳುವ ಬಂಕು 1947ರಲ್ಲೇ ಲಾಸ್ ಏಂಜಲೀಸ್‌ನಲ್ಲಿ ಶುರುವಾಗಿತ್ತು. ಬೇರೆ ಬಂಕಿನವರು ಬೆಂಕಿಯ ಭಯ ಹೇಳಿ ಬಹಳ ವರ್ಷ ತಡೆದರು. ತೈಲದ ಬರದ ನಂತರ ತಡೆಯಲಾಗಲಿಲ್ಲ. ಒಂದೇ ಬಂಕಿನಲ್ಲಿ ಎರಡು ಸಾಲು ಪಂಪು: ಒಂದರಲ್ಲಿ ಹುಡುಗ ಬಂದು ಗಾಜು ಒರೆಸುತ್ತಾನೆ, ಇನ್ನೊಂದರಲ್ಲಿ ನೀವೇ ಇಳಿಯಬೇಕು, ಗ್ಯಾಲನ್ನಿಗೆ ಕೆಲವು ಸೆಂಟು ಕಡಿಮೆ. ಜನ ಆ ಕೆಲವು ಸೆಂಟಿನ ಕಡೆಗೆ ಕಾರು ತಿರುಗಿಸಿದರು. 1980ರ ದಶಕ ಶುರುವಾಗುವ ಹೊತ್ತಿಗೆ ಹೆಚ್ಚಿನ ಪೆಟ್ರೋಲ್ ಹೀಗೇ ಮಾರಾಟವಾಗುತ್ತಿತ್ತು. ಆಗ ತಿರುಗಿಸಿದವರೇ ಈಗ ಹುಡುಗನನ್ನು ನೆನೆಯುತ್ತಿದ್ದಾರೆ. ಅವನ ಸಂಬಳ ಎಷ್ಟಿತ್ತೆಂದು ಮಾತ್ರ ಯಾರೂ ಹೇಳುವುದಿಲ್ಲ.

ಪಾಠಾಂತರ: ಆರೆಗನ್ ರಾಜ್ಯ 1951ರಲ್ಲಿ ‘ನೀವೇ ಹಾಕಿಕೊಳ್ಳಬೇಡಿ’ ಎಂದು ಕಾನೂನು ಮಾಡಿ 2023ರಲ್ಲಿ ಸಡಿಲಿಸಿತು. ನ್ಯೂಜೆರ್ಸಿ 1949ರಲ್ಲಿ ಮಾಡಿದ್ದನ್ನು ಇನ್ನೂ ಬಿಟ್ಟಿಲ್ಲ. ಇಡೀ ದೇಶದಲ್ಲಿ ಅದೊಂದೇ ರಾಜ್ಯ. ಕನ್ನಡಿಗರು ಸಾಕಷ್ಟಿರುವ ರಾಜ್ಯವೂ ಹೌದು. ಮೈಸೂರಿನಿಂದ ಮಗನ ಮನೆಗೆ ಬಂದ ತಂದೆ ತಾಯಿಗೆ ಅಲ್ಲಿನ ಬಂಕಿನಲ್ಲಿ ಏನೂ ವಿಶೇಷ ಕಾಣುವುದಿಲ್ಲ: ಹುಡುಗ ಬರುತ್ತಾನೆ, ಹಾಕುತ್ತಾನೆ, ಕಾರ್ಡು ವಾಪಸು ಕೊಡುತ್ತಾನೆ, ‘ಜೀರೋ ನೋಡಿ ಸಾರ್’ ಎನ್ನುವುದಿಲ್ಲ, ಅಷ್ಟೇ ವ್ಯತ್ಯಾಸ. ಡೆಲವೇರ್ ನದಿ ದಾಟಿ ಪೆನ್ಸಿಲ್ವೇನಿಯಾ ಸೇರಿದ ಮೇಲೆ ಮಗ ತಾನೇ ಇಳಿದು ಕೊಳವೆ ಹಿಡಿಯುತ್ತಾನೆ. ‘ಯಾಕಪ್ಪ, ಇಲ್ಲಿ ಹುಡುಗರಿಲ್ವಾ?’ ಎಂದು ತಾಯಿ ಕೇಳಿದರೆ, ‘ಇಲ್ಲಿ ನಾವೇ ಹಾಕ್ಕೋಬೇಕಮ್ಮ’ ಎನ್ನುತ್ತಾನೆ. ಕಾಯುತ್ತ ಕೂತ ತಂದೆ ಮುಂದಿನ ಗಾಜಿನ ಮೇಲೆ ಕೂತ ಹುಳುಗಳನ್ನು ತೋರಿಸಿ, ಅದನ್ನೂ ಒರೆಸಿಬಿಡು ಎನ್ನುತ್ತಾರೆ. ಬಕೆಟ್ಟು, ರಬ್ಬರು ಪಟ್ಟಿ ಕಂಬದ ಪಕ್ಕದಲ್ಲೇ ಇರುತ್ತವೆ, ಅವು ಈಗಲೂ ಉಚಿತ. ಟೈರಿಗೆ ಗಾಳಿ ಬೇಕೆಂದರೆ ಬಹಳಷ್ಟು ಕಡೆ ಯಂತ್ರಕ್ಕೆ ನಾಣ್ಯ ಹಾಕಬೇಕು.